ಸಾಹೇಬರ ಮುಂಗಾಲು

ನಮ್ಮ ದೊಡ್ಡಪ್ಪ ಈ ಲೋಕದಲ್ಲಿ ಬಹುವಚನ ಕೊಟ್ಟು ಮಾತಾಡಿಸುತ್ತಿದ್ದದ್ದು ಒಂದೇ ಒಂದು ಜೀವಿಯನ್ನು. ಅದು ಬೆಕ್ಕು. ದೊಡ್ಡಮ್ಮನನ್ನು 'ಏ' ಎಂದು ಕರೆಯುತ್ತಿದ್ದರು, ನನ್ನನ್ನು 'ಏನೇ' ಎನ್ನುತ್ತಿದ್ದರು, ಪುಸ್ತಕ ಹಿಡಿದು ಬಂದ ಗಿರಾಕಿ ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ತಲೆಯನ್ನೂ ಎತ್ತದೆ 'ಅಲ್ಲಿಡಪ್ಪ' ಎನ್ನುತ್ತಿದ್ದರು. ಬೆಕ್ಕು ಒಳಗೆ ಕಾಲಿಟ್ಟರೆ ಮಾತ್ರ ಕೈಯಲ್ಲಿದ್ದ ಕುಂಚ ಕೆಳಗಿಟ್ಟು, "ಸಾಹೇಬ್ರು ಬಂದ್ರಾ? ಎಲ್ಲಿಗೆ ಹೋಗಿದ್ರಿ ಬೆಳಿಗ್ಗೆ ಬೆಳಿಗ್ಗೇನೇ?" ಎನ್ನುವರು. ಎದ್ದು ನಿಂತು ಕೈ ಮುಗಿಯುವುದೊಂದು ಬಾಕಿ. ಸಾಹೇಬರೋ, ಎದುರುಮನೆಯ ಕಸದ ಡಬ್ಬಿಯ ಹಿಂದೆ ಹುಟ್ಟಿ, ಅರ್ಧ ಬಾಲವನ್ನು ಯಾವುದೋ ಜಗಳದಲ್ಲಿ ಕಳೆದುಕೊಂಡ ಬೂದು ಬಣ್ಣದ ಗಂಡುಬೆಕ್ಕು. ಆ ಮರ್ಯಾದೆಯನ್ನು ಅವರು ಕೇಳಿಯೂ ಇರಲಿಲ್ಲ, ಬೇಡವೆಂದೂ ಇರಲಿಲ್ಲ.

ದೊಡ್ಡಪ್ಪನ ಕಸುಬು ಪುಸ್ತಕಗಳಿಗೆ ರಟ್ಟು ಕಟ್ಟುವುದು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆ ಅಂಗಡಿ, ನಡುವೆ ಒಂದು ಬಾಗಿಲು, ಹಿಂದೆ ಮನೆ. ಅಂಗಡಿಯ ನಡುಮಧ್ಯೆ ಚಕ್ರ ತಿರುಗಿಸಿ ಒತ್ತುವ ಕಬ್ಬಿಣದ ಪ್ರೆಸ್ಸು, ಕಿಟಕಿಯ ಕೆಳಗೆ ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ರಟ್ಟುಗಳು, ಮೂಲೆಯಲ್ಲಿ ಅಂಚು ಕತ್ತರಿಸಿದ ಕಾಗದದ ಚೂರುಗಳನ್ನು ತುಂಬಿದ ಮೂಟೆಗಳು. ಎಲ್ಲದರ ಮೇಲೂ ಅಂಟಿನ ಹುಳಿವಾಸನೆ. ನನಗೆ ಇಪ್ಪತ್ತೆರಡು ವರ್ಷ. ಚಿಕ್ಕಂದಿನಲ್ಲಿ ಇದೇ ಮನೆಯ ಹಿಂದಿನ ಕೋಣೆಯಲ್ಲಿ ಅಜ್ಜಿಯ ಪಕ್ಕ ಮಲಗಿ ಕತೆ ಕೇಳುತ್ತ ಬೆಳೆದವಳು ನಾನು. ಅಜ್ಜಿ ತೀರಿಕೊಂಡ ಮೇಲೆ ಅಮ್ಮನ ಜೊತೆ ಬೇರೆ ಊರಿನಲ್ಲಿದ್ದೆ. ಹೋದ ವರ್ಷ ಅಮ್ಮ, "ಕಿಟಕಿ ಹತ್ರ ಕೂತು ಕನಸು ಕಾಣೋದಕ್ಕೆ ಯಾರೂ ಸಂಬಳ ಕೊಡಲ್ಲ ಕಣೇ, ದೊಡ್ಡಪ್ಪನ ಹತ್ರ ಹೋಗಿ ನಾಲ್ಕು ಕಾಸಿನ ಕೆಲಸ ಕಲಿ" ಎಂದು ಇಲ್ಲಿಗೆ ಅಟ್ಟಿದಳು. ಇಲ್ಲಿಯೂ ಮೇಜು ಕಿಟಕಿಯ ಹತ್ತಿರವೇ ಇತ್ತು.

ಒಂದು ವರ್ಷದಲ್ಲಿ ನಾನು ಕಲಿತದ್ದು ಎರಡು. ಒಂದು, ಸೋಮವಾರ ಸೋಮವಾರ ಅಂಟು ಕಾಯಿಸುವುದು. ದೊಡ್ಡ ಪಾತ್ರೆಯಲ್ಲಿ ಮೈದಾ ಹಿಟ್ಟು, ನೀರು, ಕೊನೆಗೆ ಎರಡು ಚಮಚ ಮೈಲುತುತ್ತ. ಆ ನೀಲಿ ಹರಳು ಹಾಕಿದರೆ ಪುಸ್ತಕಕ್ಕೆ ಹುಳ ಬೀಳುವುದಿಲ್ಲ. ಹಾಕಿದ ಕೈಯನ್ನು ತೊಳೆಯದೆ ಬಾಯಿಗಿಟ್ಟುಕೊಳ್ಳಬಾರದು. ಎರಡು, ದೊಡ್ಡಪ್ಪನನ್ನು ತಿರಸ್ಕರಿಸುವುದು. ಇದಕ್ಕೆ ಬಹಳ ದಿನ ಹಿಡಿಯಲಿಲ್ಲ. ಮೂರನೆಯ ದಿನಕ್ಕೇ ಕೈ ಕುದುರಿತು.

"ನಾನು ಕಟ್ಟಿದ್ದು ಬಿಚ್ಚಲ್ಲ" ಎಂಬುದು ಅವರ ಬಾಯಿಂದ ದಿನಕ್ಕೆ ಹತ್ತು ಸಲ ಬರುವ ಮಾತು. ನಿಜವೇ. ಅವರು ಕಟ್ಟಿದ ಪುಸ್ತಕ ಬಿಚ್ಚುವುದಿರಲಿ, ತೆರೆಯುವುದೂ ಇಲ್ಲ. ಬೆನ್ನನ್ನು ಅಷ್ಟು ಬಿಗಿಯಾಗಿ ಕಟ್ಟುತ್ತಾರೆ. ಎರಡು ಬೀದಿ ಆಚೆಯ ಪ್ರಾಣಿಗಳ ಡಾಕ್ಟರು ಒಮ್ಮೆ ತಮ್ಮ ದಪ್ಪ ಪುಸ್ತಕವೊಂದನ್ನು ವಾಪಸು ತಂದು, "ಇದನ್ನ ತೆರೆದು ಹಿಡಿಯೋಕೇ ನಂಗೆ ಎರಡು ಕೈ ಬೇಕು. ಆಮೇಲೆ ನಾಯೀನ ಯಾವ ಕೈಯಲ್ಲಿ ಹಿಡೀಲಿ ಹೇಳಿ?" ಎಂದು ಕೇಳಿದ್ದರಂತೆ. ಅವತ್ತಿನಿಂದ ದೊಡ್ಡಪ್ಪನ ಪಾಲಿಗೆ ಆ ಹೆಂಗಸು ಡಾಕ್ಟರಲ್ಲ. 'ಆ ಎರಡು ಕೈಯೋಳು.'

ಇನ್ನೊಂದು ನಿಯಮವಿತ್ತು. ಅಂಟು ಹಾಕಿ ಕಟ್ಟಿದ್ದನ್ನು ಸರಿಯಾಗಿ ಒಂದು ದಿನ, ಅಂದರೆ ಇಪ್ಪತ್ನಾಲ್ಕು ಗಂಟೆ, ಯಾರೂ ಮುಟ್ಟಕೂಡದು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಪುಸ್ತಕದ ಹೆಸರು, ತೆಗೆಯುವ ಗಂಟೆ ಬರೆದಿಡುತ್ತಿದ್ದರು. ಗಡಿಯಾರ ಅಲ್ಲಿಗೆ ಬರುವ ತನಕ ಅಂಗಡಿಗೆ ಬೆಂಕಿ ಬಿದ್ದರೂ ಪ್ರೆಸ್ಸಿನ ಚಕ್ರ ತಿರುಗುವಂತಿಲ್ಲ.

ಆ ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಜಿನ ಮೇಲೆ ನೋಂದಣಿ ಕಚೇರಿಯ ಒಂದು ಹಳೆಯ ರಿಜಿಸ್ಟರು ಮಲಗಿತ್ತು. ಹೊಲಿಗೆ ಮುಗಿದಿತ್ತು, ರಟ್ಟು ಇನ್ನೂ ಏರಿರಲಿಲ್ಲ. ಬೆನ್ನ ಮೇಲೆ ದಾರದ ಸಾಲುಗಳು ಬರಿಮೈಯಲ್ಲಿದ್ದವು. ಸಾಹೇಬರು ಮೇಲಿನ ಹಲಗೆಯ ಮೇಲೆ ನಿದ್ದೆ ಮುಗಿಸಿ, ಮೈ ಮುರಿದು, ದಿನವೂ ಹಾರುವಂತೆ ಮೇಜಿಗೆ ಹಾರಿದರು. ಬಲ ಮುಂಗಾಲಿನ ಉಗುರು ಬೆನ್ನಿನ ದಾರಕ್ಕೆ ಸಿಕ್ಕಿಕೊಂಡಿತು. ಚೀರಿದರು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೂರು ವರ್ಷದ ಮಗುವಿಗೂ ಗೊತ್ತು. ಬೆಕ್ಕನ್ನು ಒತ್ತಿ ಹಿಡಿದು ಕಾಲನ್ನು ಸ್ವಲ್ಪ ಮುಂದಕ್ಕೆ ತಳ್ಳಿದರೆ ಕೊಕ್ಕೆ ತಾನಾಗಿ ಕಳಚಿಕೊಳ್ಳುತ್ತದೆ. ದೊಡ್ಡಪ್ಪನಿಗೆ ಕಂಡದ್ದು ರಿಜಿಸ್ಟರು ಮಾತ್ರ. "ಅಯ್ಯಯ್ಯೋ, ಹೊಲಿಗೆ!" ಎಂದು ಕೂಗಿ, ಎರಡೂ ಕೈಯಿಂದ ಅದನ್ನು ಹಿಡಿದು ತಮ್ಮ ಕಡೆಗೆ ಎಳೆದುಕೊಂಡರು. ಬೆಕ್ಕು ಆ ಕಡೆ, ಪುಸ್ತಕ ಈ ಕಡೆ. ಸಣ್ಣದೊಂದು 'ಚಟ್' ಎಂಬ ಸದ್ದು.

ಆಮೇಲೂ ಅವರು ಮೊದಲು ನೋಡಿದ್ದು ಹೊಲಿಗೆಯನ್ನೇ. ದಾರವನ್ನು ಬೆರಳಿನಿಂದ ಸವರಿ, ಹಾಳೆಯ ಮೇಲೆ ರಕ್ತ ಬಿದ್ದಿದೆಯೇ ಎಂದು ತಿರುವಿ, ಬಿದ್ದಿಲ್ಲವೆಂದು ಖಾತ್ರಿಯಾದ ಮೇಲೆ, "ನೋಡ್ಕೊಂಡು ಇಳೀಬಾರದಾ ಸಾಹೇಬ್ರೇ?" ಎಂದರು.

ನಾನು ಸಾಹೇಬರನ್ನು ಒಂದು ಟವೆಲಿನಲ್ಲಿ ಸುತ್ತಿ ಹಿಡಿದಿದ್ದೆ. ಉಗುರು ಅರ್ಧಕ್ಕೆ ಓರೆಯಾಗಿ ಸೀಳಿ ಜೋತಾಡುತ್ತಿತ್ತು. ಒಳಗಿನ ಗುಲಾಬಿ ಬಣ್ಣದ ಜೀವಂತ ಮಾಂಸ ಕಾಣುತ್ತಿತ್ತು.

"ಡಾಕ್ಟ್ರ ಹತ್ರ ಹೋಗೋಣ ದೊಡ್ಡಪ್ಪ. ಎರಡೇ ಬೀದಿ."

"ಯಾರ ಹತ್ರ? ಆ ಎರಡು ಕೈಯೋಳ ಹತ್ರನಾ? ಒಂದು ಪುಸ್ತಕ ತೆರೆಯೋಕೆ ಬರದೇ ಇರೋಳು ಕಾಲು ಕಟ್ತಾಳಾ? ಕಟ್ಟೋದು ನನ್ನ ಕಸುಬು ಕಣೇ. ಹಿಡ್ಕೋ ಸರಿಯಾಗಿ."

ಪುಸ್ತಕದ ಮೂಲೆಗೆ ಹಾಕುವ ಕಂದು ಬಟ್ಟೆಯಿಂದ ಒಂದು ಪಟ್ಟಿ ಕತ್ತರಿಸಿದರು. ಕುಂಚವನ್ನು ಅಂಟಿನ ಡಬ್ಬಿಯಲ್ಲಿ ಅದ್ದಿದರು. ಬಟ್ಟೆಗೆ ಬಳಿದರು. ಸಾಹೇಬರ ಪಾದವನ್ನು ರಿಜಿಸ್ಟರಿನ ಮೂಲೆಯಂತೆ ಹಿಡಿದು, ಒಂದು ಮಡಿಕೆ ಈ ಕಡೆಯಿಂದ, ಒಂದು ಮಡಿಕೆ ಆ ಕಡೆಯಿಂದ, ಮೇಲೆ ಇನ್ನೊಂದು ಸುತ್ತು. ಮಡಿಕೆ ಉಜ್ಜುವ ಎಲುಬಿನ ಪಟ್ಟಿಯಿಂದ ಒಂದೂ ಸುಕ್ಕಿಲ್ಲದಂತೆ ತೀಡಿದರು. ನಾಲಿಗೆಯ ತುದಿ ಹೊರಗೆ ಹಾಕಿಕೊಂಡು, ಕಣ್ಣು ಕಿರಿದು ಮಾಡಿ, ಭೂಮಂಡಲದಲ್ಲಿ ತಾವೊಬ್ಬರೇ ಕೆಲಸ ಬಲ್ಲವರು ಎಂಬ ಮುಖ.

ನಾನು ಹಿಡಿದುಕೊಂಡಿದ್ದೆ. ಅಷ್ಟೇ ಮಾಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಈ ದೃಶ್ಯವನ್ನು ಅಮ್ಮನಿಗೆ ಫೋನಿನಲ್ಲಿ ಹೇಗೆ ವರ್ಣಿಸಬೇಕು, ಆ ನಾಲಿಗೆಯ ತುದಿಯನ್ನು ಯಾವ ಮಾತಿನಲ್ಲಿ ಹಿಡಿಯಬೇಕು ಎಂದು ಒಳಗೊಳಗೇ ಪೋಣಿಸುತ್ತಿದ್ದೆ. ನಡುವೆ ಅಜ್ಜಿಯ ಕತೆಯೊಂದು ನೆನಪಾಯಿತು. ಕಾಡಿನಲ್ಲಿ ಕಾಲು ಮುರಿದುಕೊಂಡ ನರಿ, ಸೆರಗಿನ ತುದಿ ಹರಿದು ಕಟ್ಟಿದ ರಾಜಕುಮಾರಿ, ಮರುದಿನ ನರಿ ಎದ್ದು ಏಳಂತಸ್ತಿನ ಅರಮನೆಯ ಗುಪ್ತ ಬಾಗಿಲು ತೋರಿಸಿದ್ದು. ದೊಡ್ಡಪ್ಪ ಅದೇ ಅಜ್ಜಿಯ ಮಗ, ಅದೇ ಕತೆ ಕೇಳಿ ಬೆಳೆದವರು. ಈ ಬೋಳುತಲೆಯ ಮನುಷ್ಯ ತನ್ನನ್ನು ಆ ರಾಜಕುಮಾರಿ ಅಂದುಕೊಂಡಿದ್ದಾನೆ ಎಂದು ಹೊಳೆದು ನಗು ಬಂತು. ನಗು ತಡೆದುಕೊಳ್ಳುವ ಗದ್ದಲದಲ್ಲಿ, ಆ ಅಂಟನ್ನು ಹಿಂದಿನ ದಿನ ಕಾಯಿಸಿದವಳು ನಾನೇ ಎಂಬುದು ತಲೆಗೆ ಬರಲೇ ಇಲ್ಲ. ಅಜ್ಜಿಯ ಕತೆಯ ಯಾವ ಪ್ರಾಣಿಯೂ ತನ್ನ ಕಟ್ಟನ್ನು ನೆಕ್ಕಿಕೊಂಡದ್ದು ನನಗೆ ನೆನಪಿಲ್ಲ.

"ನೋಡು, ಮೂಲೆ ಹೆಂಗೆ ಕೂತಿದೆ!" ಎಂದರು ದೊಡ್ಡಪ್ಪ. ಎದ್ದು ಹೋಗಿ ಕರಿಹಲಗೆಯ ಮೇಲೆ, ಪುಸ್ತಕಗಳ ಹೆಸರಿನ ಕೆಳಗೆ, ದುಂಡಗಿನ ಅಕ್ಷರದಲ್ಲಿ ಬರೆದರು: 'ಸಾಹೇಬರು. ನಾಳೆ ಹನ್ನೊಂದೂಕಾಲು.'

ಮಧ್ಯಾಹ್ನದ ಹೊತ್ತಿಗೆ ಅಂಟು ಒಣಗಿ ಪಾದ ಮರದ ತುಂಡಿನಂತಾಯಿತು. ಸಾಹೇಬರು ನೆಲದ ಮೇಲೆ 'ಟೊಕ್ ಟೊಕ್' ಎಂದು ನಡೆಯುತ್ತ ಹಿಂದಿನ ಮನೆಗೆ ಹೋದರೆ ದೊಡ್ಡಮ್ಮ, "ಅಯ್ಯೋ ಇದರ! ಕೋಲು ಊರ್ಕೊಂಡು ಬರೋ ಮುದುಕನ ಹಂಗೆ ಬರ್ತಿದೆ ನೋಡು" ಎಂದು ನಕ್ಕರು. ಆಮೇಲೆ ಸಾಹೇಬರು ಪ್ರೆಸ್ಸಿನ ಕೆಳಗೆ ಕೂತು ಕಟ್ಟನ್ನು ಕಡಿಯಲು, ನೆಕ್ಕಲು ತೊಡಗಿದರು. ಒಂದು ಗಂಟೆ ನೆಕ್ಕಿದರು, ಎರಡು ಗಂಟೆ ನೆಕ್ಕಿದರು.

"ಎಷ್ಟು ಇಷ್ಟಪಟ್ಟು ನೆಕ್ತಾರೆ ನೋಡು," ಎಂದರು ದೊಡ್ಡಪ್ಪ, ಕನ್ನಡಕದ ಮೇಲಿನಿಂದ. "ಪ್ರಾಣಿಗಳಿಗೆ ಉಪಕಾರ ಗೊತ್ತಾಗುತ್ತೆ. ಮನುಷ್ಯರಿಗೆ ಎಲ್ಲಿ?"

ಮನುಷ್ಯರು ಅಂದರೆ ನಾನು. ಮೂಗು ಮುರಿದೆ. ಸಂಜೆ ತಟ್ಟೆಯಲ್ಲಿಟ್ಟ ಮೀನನ್ನು ಸಾಹೇಬರು ಮೂಸಿಯೂ ನೋಡಲಿಲ್ಲ. "ಸಿಟ್ಟು ಬಂದಿದೆ ಅವರಿಗೆ, ಬಿಡು" ಎಂದರು ದೊಡ್ಡಮ್ಮ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿಯ ಬಾಗಿಲು ತೆಗೆದಾಗ ಸಾಹೇಬರು ಎಲ್ಲೂ ಕಾಣಲಿಲ್ಲ. ಹುಡುಕಿದರೆ ಮೂಲೆಯ ಮೂಟೆಯೊಳಗೆ, ಕಾಗದದ ಚೂರುಗಳ ನಡುವೆ ಮುದುಡಿಕೊಂಡಿದ್ದರು. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ಕಟ್ಟಿನ ಮೇಲ್ಗಡೆ ಕಾಲು ಊದಿ ಕೂದಲು ನಿಮಿರಿ ನಿಂತಿತ್ತು. ಪಕ್ಕದಲ್ಲಿ, ಬೆಳ್ಳನೆಯ ಚೂರುಗಳ ಮೇಲೆ, ಅವರು ಕಾರಿಕೊಂಡದ್ದು ಬಿದ್ದಿತ್ತು. ಅದು ನೀಲಿಯಾಗಿತ್ತು. ಪೂರ್ತಿ ನೀಲಿಯಲ್ಲ, ಹಸಿರಿಗೆ ತಿರುಗಿದ ನೀಲಿ.

ಸೋಮವಾರ ಪಾತ್ರೆಯ ಮುಂದೆ ನಿಂತದ್ದು ಕಣ್ಣಿಗೆ ಬಂತು. ಕೈಯಲ್ಲಿ ಚಮಚ. ಅದರಲ್ಲಿ ನೀಲಿ ಹರಳು. ಕಿಟಕಿಯ ಬಿಸಿಲಿಗೆ ಅವು ಹೊಳೆಯುತ್ತಿದ್ದವು. ಅಜ್ಜಿಯ ಕತೆಯಲ್ಲಿ ಪಾತಾಳದ ರಾಣಿ ಕೊರಳಲ್ಲಿ ಹಾಕಿಕೊಂಡಿದ್ದ ಹಾರದ ಕಲ್ಲುಗಳು ಹೀಗೇ ಇದ್ದಿರಬೇಕು ಎಂದುಕೊಂಡಿದ್ದೆ. ಆ ರಾಣಿ ಹಾರವನ್ನು ಯಾರಿಗೆ ಕೊಟ್ಟಳು ಎಂದು ನೆನಪಿಸಿಕೊಳ್ಳುತ್ತ ಇನ್ನೊಂದು ಚಮಚ ಹಾಕಿದ್ದೆ. ಅದು ಎರಡನೆಯದೋ, ಮೂರನೆಯದೋ? ಆಮೇಲೆ ಮತ್ತೊಂದು ಹಾಕಿದೆನೋ?

"ದೊಡ್ಡಪ್ಪಾ!"

ಅವರು ಹಲ್ಲುಜ್ಜುತ್ತಿದ್ದ ಬಾಯಲ್ಲೇ ಬಂದರು. ನೋಡಿದರು. ಗಡಿಯಾರದ ಕಡೆ ತಿರುಗಿದರು.

"ಹನ್ನೊಂದೂಕಾಲಕ್ಕೆ ಬಿಚ್ಚೋಣ."

"ಕಾಲು ಊದಿಕೊಂಡಿದೆ. ವಾಂತಿ ಮಾಡ್ಕೊಂಡಿದೆ. ಈಗಲೇ ತೆಗೀಬೇಕು."

"ಅರ್ಧಕ್ಕೆ ಬಿಚ್ಚಿದ್ರೆ ಗಾಯದ ಚರ್ಮನೂ ಜೊತೆಗೆ ಕಿತ್ಕೊಂಡು ಬರುತ್ತೆ. ನಲವತ್ತು ವರ್ಷ ಇದೇ ಕೆಲಸ ಮಾಡಿದೀನಿ, ನಂಗೆ ಹೇಳಿಕೊಡ್ತೀಯಾ?"

"ನಲವತ್ತು ವರ್ಷ ನೀವು ಕಟ್ಟಿದ್ದು ಪುಸ್ತಕ, ದೊಡ್ಡಪ್ಪ. ಪುಸ್ತಕ ಮೈ ನೆಕ್ಕಲ್ಲ. ಅಂಟಲ್ಲಿ ಮೈಲುತುತ್ತ ಇದೆ!"

ಅವರ ಮುಖದಲ್ಲಿ ಒಂದು ಕ್ಷಣ ಏನೋ ಜಾರಿತು. ಪಾಪ, ತಡವಾಗಿಯಾದರೂ ಹೊಳೆಯಿತಲ್ಲ ಎಂದುಕೊಂಡೆ. ಹೊಳೆದದ್ದು ಬೇರೆ.

"ಅದು ಹುಳಕ್ಕೆ ಹಾಕೋದು," ಎಂದರು. "ಸಾಹೇಬ್ರು ಹುಳನಾ? ಅಷ್ಟು ಸ್ವಲ್ಪದಲ್ಲಿ ಏನಾಗುತ್ತೆ?" ಆಮೇಲೆ ದನಿ ತಗ್ಗಿಸಿ, "ಎಷ್ಟು ಹಾಕಿದ್ದೆ?"

"ಎರಡು ಚಮಚ," ಎಂದೆ ನಾನು.

ಒಂದು ಗಳಿಗೆಯೂ ತಡೆಯದೆ, ರೆಪ್ಪೆ ಮಿಟುಕಿಸದೆ ಎಂದೆ. ಈ ಮನುಷ್ಯನ ಮುಂದೆ ತಪ್ಪೊಪ್ಪಿಕೊಳ್ಳುವುದಕ್ಕಿಂತ ನಾಲಿಗೆ ಕತ್ತರಿಸಿಕೊಳ್ಳುವುದು ವಾಸಿ ಅನ್ನಿಸಿತ್ತು.

"ಮತ್ತೆ? ಎರಡೇ ತಾನೇ. ಹನ್ನೊಂದೂಕಾಲು."

ದೊಡ್ಡಮ್ಮ ನಡುಬಾಗಿಲಲ್ಲಿ ಬಂದು ನಿಂತಿದ್ದರು, ಒದ್ದೆ ಕೈ ಒರೆಸಿಕೊಳ್ಳುತ್ತ. "ಅವರು ಹೇಳಿದ ಮೇಲೆ ಹೇಳಿದ ಹಾಗೆ ಕಣೇ. ಇನ್ನೆರಡು ಗಂಟೆ ತಾನೇ?" ಎಂದರು. ಮೂವತ್ತು ವರ್ಷದಿಂದ ಈ ಹೆಂಗಸು ಹೌದು ಹೌದು ಎಂದು ತಲೆಯಾಡಿಸಿ ಕೊರಳಿಗೆ ಅದೊಂದೇ ದಿಕ್ಕು ರೂಢಿಯಾಗಿಬಿಟ್ಟಿದೆ.

ನಾನು ದಾರದ ಉಂಡೆಗಳಿಡುವ ಬುಟ್ಟಿಯನ್ನು ನೆಲಕ್ಕೆ ಸುರಿದು, ಉಂಡೆಗಳು ನಾಲ್ಕೂ ಕಡೆ ಉರುಳಿಹೋಗುತ್ತಿರುವಂತೆಯೇ, ಸಾಹೇಬರನ್ನು ಅದರೊಳಗೆ ಇಟ್ಟೆ. ಅವರಿಗೆ ಪರಚುವ ತ್ರಾಣವೂ ಇರಲಿಲ್ಲ. ಅದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಸಾಹೇಬರು ಯಾವತ್ತೂ ನನ್ನನ್ನು ಪರಚದೆ ಬಿಟ್ಟವರಲ್ಲ.

ದೊಡ್ಡಪ್ಪ ಬೀದಿಬಾಗಿಲಿಗೆ ಅಡ್ಡ ನಿಂತರು. ಎರಡೂ ಕೈ ಚಾಚಿ ಚೌಕಟ್ಟು ಹಿಡಿದುಕೊಂಡರು.

"ಅವಳ ಹತ್ರ ಹೋಗ್ತೀಯಾ? ನಾನು ಕಟ್ಟಿದ್ದನ್ನ ಅವಳ ಕೈಲಿ ಬಿಚ್ಚಿಸ್ತೀಯಾ? ಊರೆಲ್ಲಾ ನಗಲಿ ಅಂತಾನಾ?"

"ಊರಿಗೆ ಬೇರೆ ಕೆಲಸ ಇಲ್ವಾ ದೊಡ್ಡಪ್ಪ? ದಾರಿ ಬಿಡಿ."

"ಈ ಹೊಸಲು ದಾಟಿದ್ರೆ ನಾಳೆಯಿಂದ ಈ ಅಂಗಡಿಗೆ ಬರಬೇಡ. ನಿಮ್ಮಮ್ಮನಿಗೆ ನಾನೇ ಫೋನ್ ಮಾಡಿ ಹೇಳ್ತೀನಿ."

"ಹೇಳಿ. ಉಗುರು ಕಿತ್ತಿದ್ದು ಯಾರು ಅಂತಾನೂ ಹೇಳಿ. ಬೆಕ್ಕಿಗಿಂತ ಹೊಲಿಗೆ ಹೆಚ್ಚು ಅಂತ ಎಳೆದವರು ಯಾರು ಅಂತ."

ಅವರು ಬಾಯಿ ತೆರೆದರು. ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಬುಟ್ಟಿಯಿಂದ ಸಾಹೇಬರು ಕತ್ತು ಹೊರಗೆ ಚಾಚಿ, ಹೊಟ್ಟೆಯನ್ನು ಮೂರು ಸಲ ಹಿಂಡಿ, ದೊಡ್ಡಪ್ಪನ ಬಲಗಾಲಿನ ಚಪ್ಪಲಿಯ ಮೇಲೆ ನೀಲಿಯಾಗಿ ಕಾರಿಕೊಂಡರು. ದೊಡ್ಡಪ್ಪ ಕೆಳಗೆ ನೋಡಿದರು. ಚೌಕಟ್ಟಿನಿಂದ ಒಂದು ಕೈ ಜಾರಿತು. ಚಪ್ಪಲಿಯನ್ನೇ ನೋಡುತ್ತ ನಿಂತರು, ಅಕ್ಷರ ಗೊತ್ತಿಲ್ಲದವನು ಕಾಗದ ನೋಡುವಂತೆ. ಆ ಕೈ ಜಾರಿದ ಸಂದಿಯಲ್ಲಿ ನುಸುಳಿ ನಾನು ಬೀದಿಗೆ ಬಿದ್ದೆ.

ಡಾಕ್ಟರ ಕೋಣೆಯಲ್ಲಿ ಸ್ಟೀಲಿನ ಮೇಜು, ತೂಕದ ಯಂತ್ರ, ಗೋಡೆಯ ಮೇಲೆ ನಾಯಿಗಳ ಹಲ್ಲಿನ ಚಿತ್ರ. ಕಿಟಕಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಒಂದು ದಪ್ಪ ಪುಸ್ತಕವನ್ನು ಒತ್ತುಕೊಟ್ಟಿದ್ದರು. ಅದರ ಮೂಲೆ ನೋಡಿದ ಕೂಡಲೆ ಯಾರ ಕೈಕೆಲಸವೆಂದು ಗೊತ್ತಾಯಿತು. ಕೊನೆಗೂ ಅದಕ್ಕೊಂದು ಉಪಯೋಗ ಸಿಕ್ಕಿತ್ತು.

ಡಾಕ್ಟರು ಕಟ್ಟನ್ನು ಒಮ್ಮೆ ಬೆರಳಿನಿಂದ ತಟ್ಟಿ ನೋಡಿದರು. 'ಟೊಕ್' ಎಂದಿತು.

"ಯಾರು ಕಟ್ಟಿದ್ದು ಅಂತ ಕೇಳಲ್ಲ, ಬಿಡಿ" ಎಂದರು. ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ಕಾಲನ್ನು ಮುಳುಗಿಸಿ ಹಿಡಿದರು. "ಇದರಲ್ಲಿ ಏನೇನಿದೆ?"

"ಮೈದಾ. ಮತ್ತೆ ಮೈಲುತುತ್ತ."

ಅವರ ಕೈ ನಿಂತಿತು. "ಎಷ್ಟು?"

ಎರಡು ಚಮಚ ಎಂಬ ಮಾತು ತಯಾರಾಗಿ ನಾಲಿಗೆಯ ಮೇಲೆ ಕೂತಿತ್ತು. ಆದರೆ ಸಾಹೇಬರು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಉಸಿರಾಡುತ್ತಿದ್ದರು. ಹಳದಿ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ. ಇವರಿಗೆ ಕೊಡುವ ಮದ್ದು ನಾನು ಹೇಳುವ ಲೆಕ್ಕದ ಮೇಲೆ ನಿಂತಿತ್ತು.

"ಗೊತ್ತಿಲ್ಲ. ಎರಡು ಹಾಕಬೇಕು. ಮೂರು ಆಗಿರಬಹುದು. ನಾಲ್ಕೂ ಇರಬಹುದು."

"ಹಾಕಿದ್ದು ಯಾರು?"

"ನಾನೇ."

"ನೀವೇ ಹಾಕಿ ನಿಮಗೇ ಗೊತ್ತಿಲ್ಲ ಅಂದ್ರೆ?"

"ಹಾಕೋವಾಗ ಬೇರೆ ಏನೋ ಯೋಚನೆ ಮಾಡ್ತಿದ್ದೆ."

"ಏನು ಅಂಥಾ ಯೋಚನೆ?"

"ಒಂದು ಕತೆ," ಎಂದೆ. ದನಿ ನನಗೇ ಕೇಳಿಸಲಿಲ್ಲ.

ಡಾಕ್ಟರು ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದ ಗುರುತು ನನಗೆ ಚೆನ್ನಾಗಿತ್ತು. ತುಟಿಯ ಎಡತುದಿ ಸ್ವಲ್ಪ ಕೆಳಗೆ, ಹುಬ್ಬು ಸ್ವಲ್ಪ ಮೇಲೆ. ಒಂದು ವರ್ಷದಿಂದ ದಿನವೂ ದೊಡ್ಡಪ್ಪನ ಬೆನ್ನಿಗೆ ನಾನು ಎಸೆಯುತ್ತ ಬಂದ ನೋಟ ಅದು. ಎದುರುಗಡೆಯಿಂದ ಹೇಗೆ ಕಾಣಿಸುತ್ತದೆಂದು ಅವತ್ತೇ ನೋಡಿದ್ದು.

ಕಟ್ಟು ನೆನೆದು ಬಿಡಲು ಕಾಲು ಗಂಟೆ ಹಿಡಿಯಿತು. ಒಳಗೆ ಬೆರಳುಗಳು ಊದಿ ಒಂದಕ್ಕೊಂದು ಅಂಟಿದ್ದವು. ಅಂಟು ಒಣಗುತ್ತ ಬಟ್ಟೆಯನ್ನು ಬಿಗಿ ಮಾಡುತ್ತ ಹೋಗಿತ್ತು. "ಇನ್ನರ್ಧ ದಿನ ಬಿಟ್ಟಿದ್ರೆ ಬೆರಳು ಉಳೀತಿರಲಿಲ್ಲ," ಎಂದರು ಡಾಕ್ಟರು, ನನಗಲ್ಲ, ಬೋಗುಣಿಗೆ. ಸೂಜಿ ಚುಚ್ಚಿ ಡ್ರಿಪ್ ಹಾಕಿದರು, ರಕ್ತ ತೆಗೆದರು, ಜೋತಾಡುತ್ತಿದ್ದ ಉಗುರಿನ ತುಂಡನ್ನು ಒಂದೇ ಸಲಕ್ಕೆ ಕತ್ತರಿಸಿ ಬುಡಕ್ಕೆ ಪುಡಿ ಒತ್ತಿದರು. ಸಂಜೆ ನಾಲ್ಕರ ತನಕ ಇಟ್ಟುಕೊಂಡು, ವಾಂತಿ ನಿಂತ ಮೇಲೆ ಕಳಿಸಿದರು.

"ಪಟ್ಟಿ ಬೇಡ. ಯಾವ ಪಟ್ಟಿಯೂ ಬೇಡ. ದಿನಕ್ಕೆ ಎರಡು ಸಲ, ಉಗುರುಬೆಚ್ಚಗಿನ ನೀರಿಗೆ ಚಿಟಿಕೆ ಉಪ್ಪು ಹಾಕಿ, ಹತ್ತಿ ಅದ್ದಿ ಒರೆಸಿ, ಆಮೇಲೆ ಒಣಗಿಸಿ. ಕತ್ತಿಗೆ ಈ ಆಲಿಕೆ ಥರದ ಪ್ಲಾಸ್ಟಿಕ್ ಕೊಳವೆ, ನೆಕ್ಕದ ಹಾಗೆ. ಹತ್ತು ದಿನ ಕಕ್ಕಸಿಗೆ ಮರಳಿನ ತಟ್ಟೆ ಬೇಡ, ಕಾಗದದ ಚೂರು ಹಾಕಿ. ನಿಮ್ಮಲ್ಲಿ ಅದಕ್ಕೇನು ಬರ ಇಲ್ವಲ್ಲ. ಅದು ಕಾಲು ಎಳೆದಾಡದ ಹಾಗೆ ನೋಡ್ಕೊಳ್ಳಿ, ಬುಡ ಮತ್ತೆ ಒಡೆಯುತ್ತೆ. ಕೀವಾದ್ರೆ ಮೂಳೆಗೆ ಇಳಿಯುತ್ತೆ. ಇದೊಂದಾದ್ರೂ ನೆನಪಿರುತ್ತಾ, ಬರ್ಕೊಡ್ಲಾ?"

"ಬರ್ಕೊಡಿ," ಎಂದೆ.

ಅಂಗಡಿಗೆ ಹಿಂತಿರುಗಿದಾಗ ಕರಿಹಲಗೆ ಒರೆಸಿ ಸ್ವಚ್ಛವಾಗಿತ್ತು. ದೊಡ್ಡಪ್ಪ ಬೇರೊಂದು ಜೊತೆ ಚಪ್ಪಲಿಯಲ್ಲಿದ್ದರು. ಹೇಗಿದೆ ಎಂದು ಕೇಳಲಿಲ್ಲ. ಏನಂದಳು ಎಂದೂ ಕೇಳಲಿಲ್ಲ. ನಾಳೆಯಿಂದ ಬರಬೇಡ ಎಂದದ್ದನ್ನು ಮತ್ತೆ ಹೇಳಲೂ ಇಲ್ಲ. "ಬಾಗಿಲು ಹಾಕು, ಗಾಳಿ ಬರುತ್ತೆ" ಎಂದರು.

ಪ್ಲಾಸ್ಟಿಕ್ ಕೊಳವೆಯನ್ನು ಸಾಹೇಬರು ಮರುದಿನವೇ ಗೋಡೆಗೆ ಉಜ್ಜಿ ಉಜ್ಜಿ ಕಳಚಿ ಬಿಸಾಕಿದರು. ದೊಡ್ಡಪ್ಪ ಅದನ್ನು ಎರಡು ಬೆರಳಲ್ಲಿ ಎತ್ತಿ, "ಇದೂ ಒಂದು ಕೆಲಸಾನಾ? ಥೂ" ಎಂದು, ತೆಳು ರಟ್ಟಿನಿಂದ ಹೊಸದೊಂದು ಕತ್ತರಿಸಿದರು. ಅದಕ್ಕೆ ಅಂಟು ಮುಟ್ಟಿಸಲಿಲ್ಲ. ದಾರದಲ್ಲಿ ಹೊಲಿದರು. ನಾನು ಅದನ್ನು ಗಮನಿಸಿದೆ, ಗಮನಿಸಿದ್ದನ್ನು ಅವರಿಗೆ ತೋರಿಸಿಕೊಳ್ಳಲಿಲ್ಲ. ಅಳತೆಯಂತೂ ಅವರ ಅಹಂಕಾರದ್ದೇ: ಆ ರಟ್ಟಿನ ಕೊಳವೆ ಎಷ್ಟು ಅಗಲವೆಂದರೆ ಸಾಹೇಬರು ಕುರ್ಚಿಯ ಕಾಲುಗಳ ನಡುವೆ ಸಿಕ್ಕಿಹಾಕಿಕೊಂಡು ಅಲ್ಲೇ ನಿಂತಿರುತ್ತಿದ್ದರು, ಯಾರಾದರೂ ಬಂದು ಬಿಡಿಸುವ ತನಕ.

ಕಷ್ಟ ಬಂದದ್ದು ಒರೆಸುವುದರಲ್ಲಿ. ಎರಡು ಬೀದಿ ಹೊತ್ತುಕೊಂಡು ಓಡಿದವಳು ನಾನು, ಮಾತ್ರೆ ಪುಡಿಮಾಡಿ ಮೀನಿನಲ್ಲಿ ಕಲಸಿ ಕೊಟ್ಟವಳು ನಾನು. ಆದರೆ ನನ್ನ ಕೈಯಲ್ಲಿ ಹತ್ತಿ ಕಂಡರೆ ಸಾಹೇಬರು ಕಿವಿ ಮಡಿಚಿ ಬುಸುಗುಟ್ಟುತ್ತಿದ್ದರು. ಮೊದಲನೆಯ ದಿನ ಟವೆಲಿನಲ್ಲಿ ಸುತ್ತಿ ಒಬ್ಬಳೇ ಪ್ರಯತ್ನಿಸಿದೆ. ಕಾಲು ಎಳೆದುಕೊಂಡು ಬುಡ ಒಡೆದು ಮತ್ತೆ ರಕ್ತ ಬಂತು. ದೊಡ್ಡಮ್ಮ ಹಿಡಿದರೂ ಅಷ್ಟೇ. ಸಾಹೇಬರು ಮಿಸುಕದೆ ಕೂರುತ್ತಿದ್ದದ್ದು ಒಂದೇ ಮಡಿಲಲ್ಲಿ. ತಮ್ಮ ಉಗುರು ಕಿತ್ತು, ತಮಗೆ ವಿಷ ಮೆತ್ತಿದ ಮಹಾನುಭಾವರ ಮಡಿಲಲ್ಲಿ. ಆ ಬೆಕ್ಕಿನ ತಲೆಯಲ್ಲಿ ಮಿದುಳಿನ ಜಾಗದಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ಹೀಗೆ ಬೆಳಿಗ್ಗೆ ಒಂಬತ್ತೂವರೆಗೆ, ಸಂಜೆ ಐದಕ್ಕೆ, ದೊಡ್ಡಪ್ಪ ಸ್ಟೂಲಿನ ಮೇಲೆ ಕೂತು ಸಾಹೇಬರನ್ನು ಮಡಿಲಲ್ಲಿಟ್ಟುಕೊಂಡು ಹಿಂಗತ್ತು ಸವರುವುದು, ನಾನು ಅವರ ಕಾಲ ಬುಡದಲ್ಲಿ ನೆಲದ ಮೇಲೆ ಮಂಡಿಯೂರಿ, ಬೆರಳನ್ನು ಮೆಲ್ಲನೆ ಒತ್ತಿ ಉಗುರಿನ ಬುಡ ಹೊರಗೆ ಬರಿಸಿ ಒರೆಸುವುದು. ನಾವಿಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಅವರು ಮಾತಾಡುತ್ತಿದ್ದದ್ದು ಬೆಕ್ಕಿನ ಜೊತೆ. "ಸಾಹೇಬ್ರೇ, ನೀರು ತಣ್ಣಗಿದೆ ಅಂತ ಹೇಳ್ರಿ ಅವಳಿಗೆ." "ಹತ್ತಿ ದಪ್ಪ ಆಯ್ತು ಅಂತ ಹೇಳ್ರಿ." ನಾನು ಹಲ್ಲು ಕಚ್ಚಿ ಒರೆಸುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ನಾವು ಹಾಗೆ ಕೂತಿದ್ದಾಗ ನೋಂದಣಿ ಕಚೇರಿಯ ಗುಮಾಸ್ತರು ರಿಜಿಸ್ಟರು ಒಯ್ಯಲು ಬಂದರು. ಕಂಕುಳಲ್ಲಿ ಕೊಡೆ, ಬಾಯಲ್ಲಿ ನಿಲ್ಲದ ಮಾತು. ರಟ್ಟಿನ ಕೊಳವೆಯೊಳಗಿನ ಸಾಹೇಬರ ಮುಖ ನೋಡಿ, "ಏನ್ರೀ ಇದು, ಬೆಕ್ಕಿಗೂ ಬೈಂಡಿಂಗಾ?" ಎಂದು ನಕ್ಕರು.

"ಉಗುರು ಮುರ್ಕೊಂಡ್ರು," ಎಂದರು ದೊಡ್ಡಪ್ಪ ಗಂಭೀರವಾಗಿ. "ನಾನೇ ಕಟ್ಟು ಹಾಕಿದ್ದೆ. ಆದ್ರೆ ಕಟ್ಟೋದು ದೊಡ್ಡದಲ್ಲಪ್ಪ, ಯಾವಾಗ ಬಿಚ್ಚಬೇಕು ಅನ್ನೋದೇ ವಿದ್ಯೆ. ಬೆಳಿಗ್ಗೆ ನೋಡ್ದೆ, ಬಣ್ಣ ಸರಿ ಇಲ್ಲ ಅನ್ನಿಸ್ತು. ತಕ್ಷಣ ಇವಳಿಗೆ ಹೇಳ್ದೆ, ನಿಲ್ಲಬೇಡ, ಓಡು, ಡಾಕ್ಟ್ರ ಹತ್ರ ಕರ್ಕೊಂಡು ಹೋಗು ಅಂತ. ಈ ಹುಡುಗಿ ಪಾಪ, ಕೈಕಾಲು ಆಡದೆ ನಿಂತಿತ್ತು."

ನನ್ನ ಬೆರಳುಗಳ ನಡುವೆ ಸಾಹೇಬರ ಪಾದವಿತ್ತು. ಬುಡ ಹೊರಗೆ ಬಂದಿತ್ತು, ಕಡಲೆಕಾಳಿನಷ್ಟು, ಹಸಿಯಾಗಿ. ಹತ್ತಿ ಅದರಿಂದ ಒಂದು ಅಂಗುಲ ದೂರದಲ್ಲಿತ್ತು.

ಹೊಟ್ಟೆಯಿಂದ ಮಾತು ಎದ್ದು ಬಂತು. ಒಂದಲ್ಲ, ಇಡೀ ವರ್ಷದ್ದು. ಬಾಗಿಲಿಗೆ ಚಾಚಿದ ಎರಡು ಕೈ, ಹನ್ನೊಂದೂಕಾಲು, ಸಾಹೇಬ್ರು ಹುಳನಾ ಎಂದದ್ದು, ರಿಜಿಸ್ಟರನ್ನು ಎದೆಗೆ ಎಳೆದುಕೊಂಡದ್ದು. ಅದೇ ರಿಜಿಸ್ಟರು ಗುಮಾಸ್ತರ ಕೈಯಲ್ಲಿತ್ತು, ತೆರೆಯಲು ಹೆಣಗುತ್ತಿದ್ದರು. ನಡುಬಾಗಿಲಲ್ಲಿ ದೊಡ್ಡಮ್ಮ ಬಂದು ನಿಂತು ನನ್ನನ್ನೇ ನೋಡುತ್ತಿದ್ದರು. ದೊಡ್ಡಪ್ಪ ನನ್ನ ಕಡೆ ನೋಡಲಿಲ್ಲ. ಅವರ ಹೆಬ್ಬೆರಳು ಮಾತ್ರ ಸಾಹೇಬರ ಹಿಂಗತ್ತಿನ ಮೇಲೆ ನಿಂತುಬಿಟ್ಟಿತ್ತು.

ಹೆಬ್ಬೆರಳು ನಿಂತದ್ದು ಸಾಹೇಬರಿಗೆ ಗೊತ್ತಾಯಿತು. ಪಾದ ನನ್ನ ಕೈಯಲ್ಲಿ ಬಿಗಿಯಾಯಿತು. ಉಳಿದ ನಾಲ್ಕು ಉಗುರು ಮೆಲ್ಲಗೆ ಹೊರಬಂದು ನನ್ನ ಅಂಗೈಗೆ ತಾಗಿದವು. ಈಗ ನಾನು ದನಿ ಎತ್ತಿದರೆ ಇವರು ಎಳೆಯುತ್ತಾರೆ, ಎಳೆದರೆ ಒಡೆಯುತ್ತದೆ.

"ಸವರಿ ದೊಡ್ಡಪ್ಪ," ಎಂದೆ, ಆದಷ್ಟು ಮೆತ್ತಗೆ. "ನಿಲ್ಲಿಸಬೇಡಿ."

ಹೆಬ್ಬೆರಳು ಮತ್ತೆ ಚಲಿಸಿತು. ಪಾದ ಸಡಿಲವಾಯಿತು.

"ನಿಮ್ಮ ದೊಡ್ಡಪ್ಪ ಒಬ್ಬರು ಇರದೇ ಇದ್ದಿದ್ರೆ ಈ ಬೆಕ್ಕಿನ ಗತಿ ಏನಾಗ್ತಿತ್ತಮ್ಮಾ!" ಎಂದರು ಗುಮಾಸ್ತರು, ರಿಜಿಸ್ಟರಿನ ಜೊತೆ ಸೋತು ಅದನ್ನು ಮುಚ್ಚುತ್ತ.

"ಹೂಂ," ಎಂದೆ.

ಸುತ್ತಲೂ ಒರೆಸಿದೆ, ಒಣ ಹತ್ತಿಯಿಂದ ಒತ್ತಿದೆ. ತೆಗೆದು ಬೆಳಕಿಗೆ ಹಿಡಿದೆ. ರಕ್ತವಿರಲಿಲ್ಲ.